ಪಠ್ಯಪುಸ್ತಕದ ವಾಕ್ಯವನ್ನು ತರಗತಿಯಲ್ಲಿ ಬದಲಿಸಿ ಹೇಳಬಹುದೇ?

ಪ್ರಶ್ನೆ – ಪ್ರಶಿಕ್ಷಣಾರ್ಥಿ, ಹಾಸನ

ನಾನು ಪ್ರಾಥಮಿಕ ಶಾಲಾ ಶಿಕ್ಷಕರ ತರಬೇತಿಯಾದ ಡಿ.ಎಲ್.ಇಡಿ. ಎರಡನೆಯ ವರ್ಷದ ವಿದ್ಯಾರ್ಥಿನಿ. ಬೋಧನಾಭ್ಯಾಸಕ್ಕಾಗಿ ಆಲೂರು ಕಡೆಯ ಸರ್ಕಾರಿ ಶಾಲೆಯೊಂದರಲ್ಲಿ ಐದನೆಯ ತರಗತಿಗೆ ಪರಿಸರ ಅಧ್ಯಯನದ ಪಾಠ ಮಾಡುತ್ತಿದ್ದೇನೆ. ಕಳೆದ ವಾರ ‘ಬಾಷ್ಪೀಕರಣ’ (ನೀರು ಆವಿಯಾಗುವುದು) ಪಾಠಕ್ಕೆ ಆ ಪದವನ್ನು ಹಲಗೆಯ ಮೇಲೆ ಬರೆದಾಗ ಮಕ್ಕಳೆಲ್ಲ ಸುಮ್ಮನೆ ಕುಳಿತರು. ಅಂಗಳಕ್ಕೆ ಚೆಲ್ಲಿದ ನೀರು ಏನಾಗುತ್ತದೆ ಎಂದು ಕೇಳಿದ ಕೂಡಲೇ, ಮಣ್ಣಿನ ಮೇಲೆ ಚೆಲ್ಲಿದರೆ ಇಂಗುತ್ತದೆ, ಸಿಮೆಂಟಿನ ಮೇಲಾದರೆ ಆರುತ್ತದೆ ಎಂದು ಹುಡುಗಿಯೊಬ್ಬಳು ಹೇಳಿದಳು. ನಾನು ಕಲಿಸಬೇಕೆಂದುಕೊಂಡಿದ್ದ ವ್ಯತ್ಯಾಸ ಅವಳ ಮನೆಮಾತಿನ ಎರಡು ಕ್ರಿಯಾಪದಗಳಲ್ಲಿ ಆಗಲೇ ಇತ್ತು. ಆದರೆ ಪರೀಕ್ಷೆಯಲ್ಲಿ ಪುಸ್ತಕದ ಪದವೇ ಬರುತ್ತದೆ, ಅದನ್ನೇ ಬರೆಸಿ ಎಂದು ಹಿರಿಯರು ಹೇಳುತ್ತಾರೆ. ನೀವೆಲ್ಲ ಏನು ಮಾಡುತ್ತೀರಿ?

ಉತ್ತರ – ಪ್ರಶಿಕ್ಷಣಾರ್ಥಿ, ಚಿಕ್ಕಮಗಳೂರು

ನನಗೆ ಪದಗಳಿಗಿಂತ ವಾಕ್ಯರಚನೆಯೇ ಹೆಚ್ಚು ತೊಡಕೆನಿಸಿದೆ. ‘ಬೀಜಗಳು ಗಾಳಿಯಿಂದ ಪ್ರಸರಿಸಲ್ಪಡುತ್ತವೆ’ ಎಂಬಂಥ ವಾಕ್ಯವನ್ನು ಮಕ್ಕಳು ತಡವರಿಸದೆ ಓದುತ್ತಾರೆ, ಆದರೆ ಯಾರು ಏನು ಮಾಡಿದರು ಎಂದು ಕೇಳಿದರೆ ಉತ್ತರ ಬರುವುದಿಲ್ಲ. ‘ಗಾಳಿ ಬೀಜಗಳನ್ನು ಹರಡುತ್ತದೆ’ ಎಂದರೆ ಅರ್ಥಕ್ಕೆ ಯಾವ ಕೊರತೆಯೂ ಆಗದು. ‘ಲ್ಪಡು’ ನಮ್ಮ ಆಡುಮಾತಿನಲ್ಲಿ ಬಹುಮಟ್ಟಿಗೆ ಇಲ್ಲವೇ ಇಲ್ಲ. ಒಂಬತ್ತು ವರ್ಷದ ಮಗುವಿನ ಪುಸ್ತಕಕ್ಕೆ ಅದರ ಅಗತ್ಯವೇನು ಎಂಬುದು ನನಗೆ ಇಂದಿಗೂ ತಿಳಿದಿಲ್ಲ.

ಉತ್ತರ – ಶಿಕ್ಷಕಿ, ಬೇಲೂರು ತಾಲ್ಲೂಕು

ವಾಕ್ಯಗಳ ಬಗ್ಗೆ ಮೇಲಿನವರ ಮಾತನ್ನು ಒಪ್ಪುತ್ತೇನೆ. ಪದಗಳ ವಿಷಯದಲ್ಲಿ ಮಾತ್ರ ಸ್ವಲ್ಪ ತಾಳ್ಮೆ ಬೇಕು. ‘ಆರು’ ಒಳ್ಳೆಯ ಪದವೇ, ಆದರೆ ಬಟ್ಟೆಯೂ ಆರುತ್ತದೆ, ದೀಪವೂ ಆರುತ್ತದೆ, ಬಿಸಿ ಅನ್ನವೂ ಆರುತ್ತದೆ. ನೀರು ಆವಿಯಾಗುವ ಕ್ರಿಯೆಯೊಂದನ್ನೇ ಗುರುತಿಸಲು ಬೇರೆ ಪದ ಬೇಕಾಗುತ್ತದೆ, ಮತ್ತು ಅದಕ್ಕೆ ‘ಆವಿಯಾಗುವಿಕೆ’ ಎಂಬ ತಿಳಿಯಾದ ಪದ ಕನ್ನಡದಲ್ಲಿಯೇ ಇದೆ. ಆದ್ದರಿಂದ ನಾನು ಮೊದಲು ಒದ್ದೆ ಬಟ್ಟೆಯಿಂದ ಹಲಗೆ ಒರೆಸಿ, ಅದು ಒಣಗುವುದನ್ನು ಮಕ್ಕಳಿಂದ ನೋಡಿಸಿ, ಅವರ ಮಾತಿನಲ್ಲೇ ಹೇಳಿಸಿ, ಕೊನೆಯಲ್ಲಿ ಪುಸ್ತಕದ ಪದವನ್ನು ಬರೆಸುತ್ತೇನೆ. ಶಾಲೆಯ ಕಲಿಕೆಯನ್ನು ಹೊರಗಿನ ಬದುಕಿನೊಂದಿಗೆ ಬೆಸೆಯಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯೂ ಮಗುವಿನ ಅನುಭವದಿಂದಲೇ ಹೊರಡುತ್ತದೆ. ಹಾಗಾಗಿ ಬದಲಿಸಿ ಹೇಳಲು ಹಿಂಜರಿಯಬೇಡಿ.

ಉತ್ತರ – ಶಿಕ್ಷಕ, ಕಡೂರು

ನಮ್ಮ ಶಾಲೆಗೆ ತಾಂಡಾದ ಮಕ್ಕಳು ಬರುತ್ತಾರೆ. ಮನೆಯಲ್ಲಿ ಲಂಬಾಣಿ ಮಾತನಾಡುವ ಅವರಿಗೆ ‘ಇಂಗು’ ಕೂಡ ‘ಬಾಷ್ಪೀಕರಣ’ದಷ್ಟೇ ಹೊಸದು. ಹಳ್ಳಿಯ ಪದ ಬಳಸಿದ ಮಾತ್ರಕ್ಕೆ ಎಲ್ಲ ಮಕ್ಕಳಿಗೂ ಪಾಠ ತಲುಪಿತೆಂದು ದಯವಿಟ್ಟು ಭಾವಿಸಬೇಡಿ.

ಪ್ರಶ್ನೆ ಕೇಳಿದವರು

ಕಡೂರಿನ ಸರ್ ಹೇಳಿದ್ದು ನನಗೆ ಹೊಳೆದೇ ಇರಲಿಲ್ಲ. ನನ್ನ ತರಗತಿಯಲ್ಲಿಯೂ ಕಾಫಿ ತೋಟದ ಕೆಲಸಕ್ಕೆ ಹೊರಗಿನಿಂದ ಬಂದವರ ಇಬ್ಬರು ಮಕ್ಕಳಿದ್ದಾರೆ. ಅಂದು ಅವರಿಬ್ಬರೂ ಬಾಯಿ ಬಿಟ್ಟಿರಲಿಲ್ಲ. ಸೋಮವಾರ ಮೇಡಂ ಹೇಳಿದಂತೆ ಹಲಗೆ ಒರೆಸಿ, ಮೊದಲ ಮಾತನ್ನು ಅವರಿಂದಲೇ ಕೇಳುತ್ತೇನೆ.