ಓದುಗರ ಸ್ಪಂದನ: "ಅಮ್ಮಾ, ನನ್ನ ಫೋಟೋ ಎಲ್ಲಾ ತೆಗೆದುಬಿಡು"

ಕಳೆದ ಸಲ ಪ್ರಕಟವಾದ ಪತ್ರ ನೆನಪಿದೆಯಲ್ಲ? ಬರೆದವರು 12 ವರ್ಷದ ಹುಡುಗಿಯ ತಾಯಿ. ಮಗಳು ಹುಟ್ಟಿದ ದಿನದಿಂದ ಅವಳ ಫೋಟೋ, ವಿಡಿಯೋಗಳನ್ನು ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಹಾಕುತ್ತಾ ಬಂದಿದ್ದಾರೆ. ಈಗ ಮಗಳು ಎಲ್ಲವನ್ನೂ ಅಳಿಸು ಎಂದು ಹಟ ಹಿಡಿದಿದ್ದಾಳೆ, ಕಾರಣ ಹೇಳುತ್ತಿಲ್ಲ. ಗಂಡ "ಎರಡು ದಿನ ಬಿಟ್ಟರೆ ಮರೀತಾಳೆ" ಎನ್ನುತ್ತಾರೆ. ಅಜ್ಜಿ ತಾತನಿಗೆ ಬೇಜಾರು. "ಪ್ರೀತಿಯಿಂದ ಹಾಕಿದ್ದು, ತಪ್ಪು ಮಾಡಿದೆನಾ?" ಎಂದು ಕೇಳಿದ್ದರು. ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

*

ಅಕ್ಕಾ, ನನ್ನ ಮನೆ ಕಥೆಯನ್ನೇ ಯಾರೋ ಬರೆದ ಹಾಗಿತ್ತು ನಿಮ್ಮ ಪತ್ರ. ನನ್ನ ಮಗಳಿಗೆ ಆಗ 11. ಅವಳು ಹೀಗೇ ಕೇಳಿದಾಗ ನಾನು ಮೊದಲು ಮಾಡಿದ್ದು ಜಗಳ. "ನಿನ್ನ ಮೇಲಿನ ಆಸೆಗೆ ಅಲ್ವಾ ಹಾಕಿದ್ದು, ಎಷ್ಟು ಜನ ಹರಸಿದ್ದಾರೆ ನೋಡು" ಅಂತೆಲ್ಲ ಕೂಗಾಡಿದೆ. ಅವಳು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆಮೇಲೆ ಒಂದು ಭಾನುವಾರ ಇಬ್ಬರೂ ಮಂಚದ ಮೇಲೆ ಕೂತೆವು. ಫೋನು ಅವಳ ಕೈಯಲ್ಲಿ. ತೀರಾ ಹಳೆಯದರಿಂದ ಶುರು. ಹಲ್ಲು ಬಿದ್ದ ಬಾಯಿಯ ಫೋಟೋ ಬಂತು, ಇರಲಿ ಅಂದಳು. ಅವರಪ್ಪನ ಶೂ ಹಾಕಿಕೊಂಡು ನಿಂತದ್ದು ಬಂತು, ನಕ್ಕಳು. ಆಮೇಲೆ ನಾಲ್ಕು ವರ್ಷದವಳಿದ್ದಾಗಿನ ಒಂದು ವಿಡಿಯೋ. ಆಟದ ಸಾಮಾನು ಮುರಿಯಿತು ಅಂತ ನೆಲದ ಮೇಲೆ ಹೊರಳಾಡಿ ಅಳುತ್ತಿದ್ದಾಳೆ, ಹಿಂದಿನಿಂದ ನನ್ನ ನಗು ಕೇಳಿಸುತ್ತದೆ. ಪೂರ್ತಿ ನೋಡಿದಳು. ಇನ್ನೊಂದು ಸಲ ನೋಡಿದಳು. "ಅಮ್ಮಾ, ನಾನು ಅಷ್ಟು ಅಳ್ತಾ ಇದ್ರೆ ನೀನು ಫೋನ್ ಹುಡುಕ್ಕೊಂಡು ಬಂದ್ಯಾ?" ಅಂದಳು. ಸಿಟ್ಟಿನಿಂದ ಅಲ್ಲ, ಸುಮ್ನೆ ಕೇಳಿದ್ದು. ಅದರ ಕೆಳಗೆ 94 ಲೈಕ್ ಇದ್ದವು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆವತ್ತು ಮುನ್ನೂರು ಚಿಲ್ಲರೆ ತೆಗೆದೆವು. ಎಲ್ಲಾ ತೆಗೆ ಅಂದವಳೇ ನಲವತ್ತರಷ್ಟನ್ನು ಇರಲಿ ಅಂತ ಬಿಟ್ಟಳು. ಅದಕ್ಕೇ ಹೇಳುತ್ತಿದ್ದೇನೆ, ಪಶ್ಚಾತ್ತಾಪ ಅಂತ ರಾತ್ರಿ ಒಬ್ಬರೇ ಕೂತು ಅಳಿಸಿಬಿಡಬೇಡಿ. ಅವಳನ್ನು ಕೇಳದೆ ಹಾಕಿದ್ದು ಆಯಿತು, ಕೇಳದೆ ತೆಗೆಯುವುದೂ ಯಾಕೆ?

— ಇನ್ನೊಬ್ಬ ಅಮ್ಮ

*

ಆಂಟಿ, ನನಗೆ 19. ನಿಮ್ಮ ಮಗಳ ಜಾಗದಲ್ಲಿ ಇದ್ದವಳು ನಾನು. ಎಂಟನೇ ಕ್ಲಾಸಿನಲ್ಲಿ ಯಾರೋ ಅಮ್ಮನ ಪ್ರೊಫೈಲ್ ಹುಡುಕಿ, ನಾನು ಮೂರು ವರ್ಷದಲ್ಲಿ ಟಾಯ್ಲೆಟ್ ಪಾಟಿ ಮೇಲೆ ಕೂತಿದ್ದ ಫೋಟೋ ತೆಗೆದು ವಾಟ್ಸಾಪ್ ಸ್ಟಿಕರ್ ಮಾಡಿದ್ದರು. ಕ್ಲಾಸ್ ಗ್ರೂಪಿನಲ್ಲಿ ನಾನು ಏನು ಬರೆದರೂ ಉತ್ತರಕ್ಕೆ ಅದೇ ಸ್ಟಿಕರ್. ಅಮ್ಮನಿಗೆ ಇವತ್ತಿನವರೆಗೂ ಹೇಳಿಲ್ಲ, ಹೇಳಿದರೆ ಅಳ್ತಾಳೆ. ನಿಮ್ಮ ಮಗಳು ಕಾರಣ ಹೇಳುತ್ತಿಲ್ಲ ಅಂದರೆ ಕಾರಣ ಇಲ್ಲ ಅಂತ ಅಲ್ಲ. ಕೆದಕಬೇಡಿ, ಮೊದಲು ತೆಗೆಯಿರಿ. ಹೇಳಬೇಕು ಅನ್ನಿಸಿದಾಗ ಅವಳೇ ಹೇಳ್ತಾಳೆ.

— ಕಾಲೇಜು ಹುಡುಗಿ

*

ನಾನು ತಾತ. ಆ ಅಜ್ಜಿ ತಾತನ ಪರವಾಗಿ ಯಾರೂ ಬರೆಯುವುದಿಲ್ಲ ಅಂತ ಗೊತ್ತು, ಅದಕ್ಕೆ ನಾನು ಬರೆದೆ. ಮಕ್ಕಳು ಮೊಮ್ಮಕ್ಕಳು ದೂರ. ಬೆಳಗ್ಗೆ ಎದ್ದು ಫೋನ್ ನೋಡಿದರೆ ಮಗುವಿನ ಮುಖ ಕಾಣಿಸುತ್ತದೆ, ಅಷ್ಟೇ ನಮ್ಮ ಸುಖ. ಅದನ್ನೂ ಕಾನೂನು, ಹಕ್ಕು ಅಂತ ಕಿತ್ತುಕೊಂಡರೆ ಹೇಗೆ? ಆದರೆ ಒಂದು ಒಪ್ಪುತ್ತೇನೆ. ನಾವು ನೋಡುವುದಕ್ಕೆ ಊರೆಲ್ಲ ನೋಡಬೇಕಾಗಿಲ್ಲ. ಪ್ರಿಂಟ್ ಹಾಕಿಸಿ ಕಳಿಸಿ ತಾಯಿ, ಗೋಡೆಗೆ ಹಾಕಿಕೊಳ್ಳುತ್ತೇವೆ. ಲೈಕ್ ಒತ್ತುವ ಕಷ್ಟವೂ ತಪ್ಪುತ್ತದೆ.

— ಓದುಗ, 71

*

ಸಾಫ್ಟ್‌ವೇರ್ ಕೆಲಸದವನು, ಹಾಗಾಗಿ ಭಾವನೆಯ ಮಾತು ಬೇರೆಯವರಿಗೆ ಬಿಟ್ಟು ಕೆಲಸದ ಮಾತು ಹೇಳುತ್ತೇನೆ. ಮೊದಲು ನಿಮ್ಮ ಖಾತೆಯ ಡೇಟಾ ಪೂರ್ತಿ ಡೌನ್‌ಲೋಡ್ ಮಾಡಿ ಹಾರ್ಡ್ ಡಿಸ್ಕಿಗೆ ಹಾಕಿಡಿ. ನೆನಪು ಎಲ್ಲೂ ಹೋಗುವುದಿಲ್ಲ, ಜಾಗ ಬದಲಾಗುತ್ತದೆ ಅಷ್ಟೆ. ಆಮೇಲೆ ಒಂದೊಂದೇ ತೆಗೆಯುತ್ತಾ ಕೂರಬೇಡಿ. ಫೇಸ್‌ಬುಕ್‌ನ ಆಕ್ಟಿವಿಟಿ ಲಾಗ್‌ನಲ್ಲಿ (ನೀವು ಹಾಕಿದ್ದೆಲ್ಲದರ ಪಟ್ಟಿ) ಹಳೆಯ ಪೋಸ್ಟ್‌ಗಳನ್ನು ಒಟ್ಟಿಗೆ ಆರಿಸಿ ಆರ್ಕೈವ್ ಮಾಡಬಹುದು, ಇಲ್ಲವೇ ಟ್ರ್ಯಾಶ್‌ಗೆ ಹಾಕಬಹುದು. ಆರ್ಕೈವ್ ಅಂದರೆ ನಿಮಗೆ ಮಾತ್ರ ಕಾಣುತ್ತದೆ. ಟ್ರ್ಯಾಶ್‌ನಲ್ಲಿ 30 ದಿನ ಇದ್ದು ಹೋಗುತ್ತದೆ. ಮನಸ್ಸು ಗಟ್ಟಿಯಿಲ್ಲದಿದ್ದರೆ ಆರ್ಕೈವ್‌ನಿಂದ ಶುರು ಮಾಡಿ, ಆದರೆ ಎರಡಕ್ಕೂ ಇರುವ ವ್ಯತ್ಯಾಸವನ್ನು ಮಗಳಿಗೆ ಹೇಳಿಯೇ ಮಾಡಿ. ಅಳಿಸಿದೆ ಅಂತ ಸುಳ್ಳು ಹೇಳಿ ಆರ್ಕೈವ್ ಮಾಡಿದರೆ ಒಂದಲ್ಲ ಒಂದು ದಿನ ಸಿಕ್ಕಿಬೀಳ್ತೀರಿ.

ಹುಟ್ಟುಹಬ್ಬದ ಪೋಸ್ಟ್‌ಗಳಿಗೆ ಮೊದಲ ಕತ್ತರಿ. ಪೂರ್ತಿ ಹೆಸರು, ಹುಟ್ಟಿದ ತಾರೀಖು, ಯೂನಿಫಾರ್ಮ್‌ನಿಂದ ಸ್ಕೂಲು ಎಲ್ಲಾ ಒಂದೇ ಕಡೆ ಸಿಗುತ್ತವೆ, ಮೋಸ ಮಾಡುವವರಿಗೆ ಇನ್ನೇನು ಬೇಕು? ನೆಂಟರು ಹಾಕಿದ್ದನ್ನು ನೀವು ತೆಗೆಯಲು ಆಗುವುದಿಲ್ಲ, ಫೋನ್ ಮಾಡಿ ಕೇಳಲೇಬೇಕು. ಇದೇ ಕಷ್ಟದ ಭಾಗ. ಗೂಗಲ್‌ನಲ್ಲಿ ಹುಡುಕಿದಾಗ ಅವಳ ಫೋಟೋ ಬಂದರೆ, 18 ವರ್ಷದೊಳಗಿನವರ ಫೋಟೋವನ್ನು ಹುಡುಕಾಟದಿಂದ ತೆಗೆಯಿರಿ ಎಂದು ಮಕ್ಕಳೇ ಅಥವಾ ಪೋಷಕರು ಕೇಳಬಹುದು, 2021ರಿಂದ ಈ ಸೌಲಭ್ಯ ಇದೆ. ಫೋಟೋ ಇರುವ ಸೈಟಿನಿಂದ ಅದು ಹೋಗುವುದಿಲ್ಲ, ಹುಡುಕಿದವರಿಗೆ ಸಿಗುವುದಿಲ್ಲ ಅಷ್ಟೆ.

"ನಮ್ಮ ಫೋಟೋ ಯಾರಿಗೆ ಬೇಕು" ಅನ್ನುವವರಿಗೆ ಒಂದು ಮಾತು. 2024ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಎಂಬ ಮಾನವ ಹಕ್ಕುಗಳ ಸಂಸ್ಥೆ, ಎಐಗೆ (ಕೃತಕ ಬುದ್ಧಿಮತ್ತೆಗೆ) ಕಲಿಸಲು ಬಳಸುವ ಒಂದು ದೊಡ್ಡ ಚಿತ್ರಸಂಗ್ರಹದಲ್ಲಿ ಬ್ರೆಜಿಲ್, ಆಸ್ಟ್ರೇಲಿಯಾದ ಮಕ್ಕಳ ಫೋಟೋಗಳ ಲಿಂಕ್‌ಗಳನ್ನು ಪತ್ತೆ ಹಚ್ಚಿತು. ಹಾಕಿದವರು ಮನೆಯವರು, ನೋಡಲಿ ಅಂದುಕೊಂಡದ್ದು ನಾಲ್ಕು ಜನ. ತಾತನವರು ಕಾನೂನು ಅಂತ ಗೊಣಗುತ್ತಾರೋ ಏನೋ, ಫ್ರಾನ್ಸ್‌ನಲ್ಲಿ ಅದೇ ವರ್ಷ ಫೆಬ್ರವರಿಯಲ್ಲಿ ಕಾನೂನೇ ಬಂತು. ಮಗುವಿನ ಚಿತ್ರದ ಹಕ್ಕನ್ನು ತಂದೆ ತಾಯಿ ಸೇರಿ ಕಾಪಾಡಬೇಕು, ಮಗುವಿನ ವಯಸ್ಸು, ತಿಳುವಳಿಕೆ ನೋಡಿ ಅದನ್ನೂ ಕೇಳಬೇಕು ಅಂತ. 12 ವರ್ಷದವಳಿಗೆ ತಿಳುವಳಿಕೆ ಇದೆ ಸ್ವಾಮಿ, ಅವಳೇ ಬಂದು ಕೇಳಿದ್ದಾಳಲ್ಲ.

— ತಾಂತ್ರಿಕ ಓದುಗ

*

ನಿಮ್ಮ ಯಜಮಾನರು ಅಂದ ಮಾತನ್ನೇ ನಾನೂ ಅಂದಿದ್ದೆ, ಎರಡು ದಿನ ಬಿಟ್ಟರೆ ಮರೀತಾಳೆ ಅಂತ. ಆದದ್ದು ಇಷ್ಟು. ಒಂದು ಮಧ್ಯಾಹ್ನ ನಾನು ಸೋಫಾ ಮೇಲೆ ಬಾಯಿ ತೆರೆದುಕೊಂಡು, ಬನಿಯನ್‌ನಲ್ಲಿ ಮಲಗಿದ್ದೆ. ಮಗಳು ಫೋಟೋ ಹೊಡೆದು ಫ್ಯಾಮಿಲಿ ಗ್ರೂಪಿಗೆ ಹಾಕಿದಳು. ಎದ್ದು ನೋಡುತ್ತೇನೆ, ಭಾವಮೈದುನ ಆಗಲೇ ನಗುವ ಇಮೋಜಿ ಹನ್ನೆರಡು ಹಾಕಿದ್ದಾನೆ. ತೆಗಿ ಅಂತ ಗದರಿದೆ. "ಇರೋದೇ 20 ಜನ ಅಪ್ಪಾ, ಎಲ್ಲಾ ನಮ್ಮೋರೇ, ಎಷ್ಟು ಮುದ್ದಾಗಿದೆ" ಅಂದಳು. ಅವಳ ಫೋಟೋ ಹಾಕುವಾಗ ನಾನು ಹೇಳುತ್ತಿದ್ದ ಮಾತೇ, ಒಂದಕ್ಷರ ಬದಲಿಲ್ಲ.

ಅವಳು ತೆಗೆಯಲಿಲ್ಲ. ನಾನು ಅವಳ ಫೋಟೋಗಳನ್ನು ಅಳಿಸಲು ಶುರು ಮಾಡಿದ ಮೇಲೆ ತೆಗೆದಳು. ಮುಗಿಸುವಾಗ ರಾತ್ರಿ ಎರಡು ಗಂಟೆ, ಪಕ್ಕದಲ್ಲೇ ಕೂತು ಲೆಕ್ಕ ಇಟ್ಟಿದ್ದಳು.

— ಒಬ್ಬ ಅಪ್ಪ