ಮಗು ಹಿಮ್ಮಡಿ ಚುಚ್ಚಿ ರಕ್ತ ಟೆಸ್ಟ್ ಮಾಡಿಸ್ಲೇಬೇಕಾ?

ಸಿರ್ಸಿ_ಹುಡ್ಗ: ತಂಗಿಗೆ ಮೊನ್ನೆ ಹೆರಿಗೆ ಆಯ್ತು, ಗಂಡುಮಗು, ಮೂರು ಕೇಜಿ ಹತ್ರ ತೂಕ, ಹಾಲೂ ಚೆನ್ನಾಗಿ ಕುಡೀತಿದೆ. ನಾಳೆ ಡಿಸ್ಚಾರ್ಜ್, ಅದಕ್ಕೂ ಮುಂಚೆ ಹಿಮ್ಮಡಿ ಚುಚ್ಚಿ ರಕ್ತ ತೆಗೆದು ಹೊರಗಿನ ಲ್ಯಾಬಿಗೆ ಕಳಿಸ್ತೀವಿ, ಕಿವಿ ಟೆಸ್ಟೂ ಮಾಡ್ತೀವಿ ಅಂತಿದಾರೆ. ಆಯಿ ಮಾತ್ರ "ಮಾಣಿ ಗುಂಡ್ಕಲ್ ಹಂಗೆ ಇದ್ದ, ಸುಮ್ನೆ ಚುಚ್ಚಿಸದು ಎಂತಕ್ಕೆ" ಅಂತ ಹಟ ಹಿಡಿದು ಕೂತಿದಾರೆ. ನಿಜವಾಗ್ಲೂ ಬೇಕಾ ಅಥವಾ ಬಿಲ್ ಏರಿಸೋ ದಾರಿನಾ?

ಕುಮಟಾ_ಸಿಸ್ಟರ್: ಹೆರಿಗೆ ವಾರ್ಡಲ್ಲಿ ನರ್ಸ್ ನಾನು, ಮಾಡಿಸಿ. ಮುಖ್ಯವಾಗಿ ಥೈರಾಯ್ಡಿಗೋಸ್ಕರ, ಅಂದ್ರೆ ಹುಟ್ಟಿನಿಂದ್ಲೇ ಮಗುಗೆ ಥೈರಾಯ್ಡ್ ಹಾರ್ಮೋನ್ ಕಮ್ಮಿ ಇದ್ಯಾ ಅಂತ ನೋಡೋಕೆ. ಹೊಟ್ಟೇಲಿದ್ದಾಗ ತಾಯಿ ಹಾರ್ಮೋನ್ ಸ್ವಲ್ಪ ಮಗುಗೂ ಹೋಗಿರ್ತದೆ, ಹಾಗಾಗಿ ಹುಟ್ಟಿದಾಗ ನೋಡಿದ್ರೆ ಎಂತದೂ ಗೊತ್ತಾಗಲ್ಲ, ಕಾಮಾಲೆ ಇಳೀದೇ ಇರೋದು, ಕಕ್ಕ ಸರಿಯಾಗಿ ಆಗ್ದೇ ಇರೋದು, ಇಡೀ ದಿನ ನಿದ್ದೆ, ಇವೆಲ್ಲ ಕಾಣಿಸ್ಕೊಂಡು ನಾವು ಡಾಕ್ಟರ್ ಹತ್ರ ಓಡೋ ಹೊತ್ತಿಗೆ ಮೆದುಳಿಗೆ ಪೆಟ್ಟು ಬಿದ್ದಿರ್ತದೆ. ಎರಡು ವಾರದೊಳಗೆ ಮಾತ್ರೆ ಶುರುವಾದ್ರೆ ಸಾಮಾನ್ಯವಾಗಿ ಬೇರೆ ಮಕ್ಕಳ ಹಾಗೇ ಬೆಳೀತವೆ. ರಕ್ತ ತೆಗೆಯೋಕೆ 48ರಿಂದ 72 ಗಂಟೆ ಒಳ್ಳೇ ಟೈಮು, ಮೊದಲ ದಿನ ಎಲ್ಲಾ ಮಕ್ಕಳಿಗೂ ಟಿಎಸ್‌ಎಚ್ (ಥೈರಾಯ್ಡಿಗೆ ಕೆಲಸ ಮಾಡು ಅಂತ ಹೇಳೋ ಹಾರ್ಮೋನ್, ಈ ಟೆಸ್ಟಲ್ಲಿ ನೋಡೋದು ಇದನ್ನೇ) ಏರಿರ್ತದೆ, ಆಗ ತೆಗೆದ್ರೆ ಸುಮ್ನೆ ಗಾಬರಿ. ಹಿಮ್ಮಡಿ ಪಕ್ಕಕ್ಕೆ ಚುಚ್ಚಿ ನಾಲ್ಕೈದು ಹನಿ ಫಿಲ್ಟರ್ ಪೇಪರ್ ಮೇಲೆ ಬೀಳಿಸ್ತಾರೆ ಅಷ್ಟೇ, ತಂಗಿ ಹಾಲು ಕುಡಿಸ್ತಾ ಇರ್ಲಿ, ಅಳು ಕಮ್ಮಿ. ನಮ್ಕಡೆ ಮಳೆಗಾಲದಲ್ಲಿ ಆ ಪೇಪರ್ ಒಣಗಿಸೋದೇ ತಾಪತ್ರಯ, ಹಸಿ ಇದ್ದಾಗ್ಲೇ ಕವರಿಗೆ ಹಾಕಿದ್ರೆ ಸ್ಯಾಂಪಲ್ ಹಾಳು.

ಅಂಕೋಲಾ_ಅಮ್ಮ: ನನ್ನ ಮಗಳಿಗೆ ಇದ್ರಲ್ಲೇ ಗೊತ್ತಾಗಿದ್ದು. ದಿನಾ ಬೆಳಿಗ್ಗೆ ಮಾತ್ರೆ ಪುಡಿಮಾಡಿ ಚಮಚದಲ್ಲಿ ಎದೆಹಾಲಿಗೆ ಕಲಸಿ ಕುಡಿಸ್ತಿದ್ದೆ, ತೂಕ ಏರಿದ ಹಾಗೆ ರಕ್ತ ನೋಡಿ ಡೋಸ್ ಬದ್ಲು ಮಾಡ್ತಾರೆ. ಈಗ ಶಾಲೆಗೆ ಹೋಗ್ತಾಳೆ, ಮಹಾ ಬಾಯಿಬಡ್ಕಿ. ಆದ್ರೆ ಒಂದು ಮಾತು, ರಿಪೋರ್ಟ್ ಬಂದು ಆಸ್ಪತ್ರೇಲೇ ಕೂತಿತ್ತು, ನಮ್ಮನೆಯವ್ರು ಫೋನ್ ಮಾಡಿ ಕೇಳಿದ್ಮೇಲೇ ಹೇಳಿದ್ದು!! ಕರೀತಾರೆ ಅಂತ ಕಾಯ್ಬೇಡಿ.

ಘಟ್ಟದ_ಕೆಳಗೆ: ಟೆಸ್ಟ್ ಸರಿ, ಏನಾದ್ರೂ ಸಿಕ್ರೆ ಮುಂದೆ? ನಮ್ಮ ಜಿಲ್ಲೆಯವ್ರಿಗೆ ದೊಡ್ಡ ಆಸ್ಪತ್ರೆ ಅಂದ್ರೆ ಹುಬ್ಬಳ್ಳಿ, ಮಣಿಪಾಲ ಇಲ್ಲಾ ಗೋವಾ, ಇದು ಯಾವತ್ತೂ ಮುಗಿಯದ ಗೋಳು. ಆದ್ರೂ ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ಬಗ್ಗೆ ಕೇಳಿ, 2013ರಿಂದ ಇರೋ ಸರ್ಕಾರದ ಸ್ಕೀಮು, ಹುಟ್ಟಿದಾಗಿಂದ 18 ವರ್ಷದ ತನಕ ತಪಾಸಣೆ, ಮುಂದಿನ ಚಿಕಿತ್ಸೆ ಫ್ರೀ. ಡಿಸ್ಚಾರ್ಜಿಗೆ ಮುಂಚೆ ಬಲಗೈಗೂ ಕಾಲಿಗೂ ಆಕ್ಸಿಜನ್ ಕ್ಲಿಪ್ ಹಾಕಿ ನೋಡಿದ್ರಾ ಅಂತಾನೂ ಕೇಳಿ, ಹಾರ್ಟ್ ತೊಂದರೆ ಇದ್ರೆ ಎಷ್ಟೋ ಸಲ ಅದ್ರಲ್ಲೇ ಸುಳಿವು ಸಿಗ್ತದೆ, ಚುಚ್ಚೋದೂ ಇಲ್ಲ.

ಸಿರ್ಸಿ_ಹುಡ್ಗ: ರಕ್ತ ಕೊಟ್ಟಾಯ್ತು, ಆಕ್ಸಿಜನ್ನೂ ಸರಿ ಇದ್ಯಂತೆ. ಆದ್ರೆ ಕಿವಿ ಟೆಸ್ಟಲ್ಲಿ ಬಲಗಿವಿ ಪಾಸ್, ಎಡಗಿವಿ "ರೆಫರ್" ಅಂತ ಬಂದಿದೆ. ಕಿವಿ ಕೇಳಲ್ಲ ಅಂತನಾ?? ಆಯಿ ಅಳ್ತಾ ಕೂತಿದಾರೆ.

ಕುಮಟಾ_ಸಿಸ್ಟರ್: ಅಲ್ಲ ಮಾರಾಯ್ರೆ, ಇನ್ನೊಂದ್ಸಲ ನೋಡ್ಬೇಕು ಅಂತ ಅಷ್ಟೇ. ಕಿವಿಯೊಳಗೆ ನೀರೋ ಕೊಳೆಯೋ ಉಳ್ಕೊಂಡಿದ್ರೂ, ಪಕ್ಕದಲ್ಲಿ ಗಲಾಟೆ ಇದ್ರೂ ಹಾಗೆ ಬರ್ತದೆ. ಒಂದು ತಿಂಗಳೊಳಗೆ ಮತ್ತೆ ಮಾಡಿಸಿ, ಆಗ್ಲೂ ಪಾಸ್ ಆಗ್ಲಿಲ್ಲ ಅಂದ್ರೆ ಮೂರು ತಿಂಗಳೊಳಗೆ ಬೆರಾ ಟೆಸ್ಟ್ (ಸದ್ದು ಕಿವಿಯಿಂದ ಮೆದುಳಿಗೆ ಮುಟ್ತದಾ ಅಂತ ನೋಡೋದು), ತೊಂದ್ರೆ ಇದೆ ಅಂತಾದ್ರೆ ಆರು ತಿಂಗಳೊಳಗೆ ಚಿಕಿತ್ಸೆ ಶುರುವಾಗ್ಬೇಕು. ತಟ್ಟೆ ಬಿದ್ದ ಸದ್ದಿಗೆ ಬೆಚ್ಚಿಬಿತ್ತು, ಎಲ್ಲಾ ಸರಿ ಉಂಟು ಅಂತ ಬಿಡ್ಬೇಡಿ, ಒಂದೇ ಕಿವಿ ಕೇಳಿದ್ರೂ ಬೆಚ್ಚುತ್ತೆ. ಮುಂದಿನ ತಾರೀಕು ಡಿಸ್ಚಾರ್ಜ್ ಕಾರ್ಡಲ್ಲೇ ಬರೆಸ್ಕೊಳ್ಳಿ. ಆಮೇಲೆ ಆಸ್ಪತ್ರೇಲಿ ಭಾವನ ನಂಬರ್ ಮಾತ್ರ ಇದ್ರೆ ನಿಮ್ದೂ ಕೊಡಿ, ಬಾಣಂತನ ನಿಮ್ಮನೇಲಲ್ವಾ.