ಮನೆಯವರ ಮಾತಿನಿಂದ ರೋಗಿಯ ಆರೋಗ್ಯದಲ್ಲಿ ನಿಜವಾಗಿಯೂ ಏರುಪೇರಾಗುತ್ತದೆಯೇ?

ಪ್ರಶ್ನೆ

ತಂದೆಯವರಿಗೆ ಮಧುಮೇಹ ಇರುವುದು ಗೊತ್ತಾದ ಮೇಲೆ ನಮ್ಮ ಮನೆಯ ಮಾತುಕತೆಯ ರೀತಿಯೇ ಬದಲಾಗಿದೆ. ಅವರು ಹೊರಗಿನಿಂದ ಬಂದು ಚಪ್ಪಲಿ ಬಿಡುವ ಮುನ್ನವೇ "ಮಾತ್ರೆ ತಗೊಂಡ್ರಾ? ಹೊರಗೆ ಏನಾದ್ರೂ ತಿಂದ್ರಾ?" ಎಂದು ಅಮ್ಮ ಕೇಳುತ್ತಾರೆ, ಅಪ್ಪ ಉತ್ತರ ಕೊಡದೆ ಕೋಣೆಗೆ ಹೋಗಿಬಿಡುತ್ತಾರೆ. ಕಳೆದ ವಾರ ಒಂದು ದಿನ ಅವರು ಪುಸ್ತಕದಲ್ಲಿ 130 ಎಂದು ಬರೆದಿದ್ದರು, ಗ್ಲುಕೋಮೀಟರ್‌ನ ಮೆಮೊರಿಯಲ್ಲಿ 212 ಇತ್ತು. ಅಮ್ಮ ಗುಂಡಿ ಒತ್ತುತ್ತಾ ಹಳೆಯ ಅಂಕಿಗಳನ್ನೆಲ್ಲ ನಮ್ಮೆದುರಿಗೆ ಗಟ್ಟಿಯಾಗಿ ಓದಿದರು. ಅಂದು ರಾತ್ರಿ ಅಪ್ಪ ಊಟಕ್ಕೆ ಬರಲಿಲ್ಲ.

ಅಮ್ಮ ಕೇಳುವುದು ಭಯದಿಂದ ಎಂಬುದು ನನಗೆ ಗೊತ್ತು. ಆದರೆ ಈ ಜಗಳಗಳೇ ಅಪ್ಪನ ಸಕ್ಕರೆ ಅಂಶವನ್ನು ಹೆಚ್ಚಿಸುತ್ತಿವೆಯೇ ಎಂಬ ಅನುಮಾನ ನನ್ನನ್ನು ಕಾಡುತ್ತಿದೆ. ಕೇಳದೆ ಸುಮ್ಮನಿರುವುದು ಒಳ್ಳೆಯದೇ, ಅಥವಾ ಕೇಳುವುದಕ್ಕೆ ಬೇರೆ ದಾರಿ ಇದೆಯೇ? ತಿಳಿದವರು ದಯವಿಟ್ಟು ಹೇಳಿ.

ಮೊದಲ ಉತ್ತರ

ನಿಮ್ಮ ಅನುಮಾನಕ್ಕೆ ಆಧಾರವಿದೆ. ಮನಸ್ಸು ಉದ್ವೇಗಗೊಂಡಾಗ ದೇಹವು ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಎಂಬ ಹಾರ್ಮೋನುಗಳನ್ನು ಹೆಚ್ಚಾಗಿ ಸ್ರವಿಸುತ್ತದೆ. ಇವು ಯಕೃತ್ತಿನಲ್ಲಿ ಸಂಗ್ರಹವಾಗಿರುವ ಗ್ಲುಕೋಸನ್ನು ರಕ್ತಕ್ಕೆ ಬಿಡಿಸುತ್ತವೆ, ಜೊತೆಗೆ ಇನ್ಸುಲಿನ್ನಿನ ಪ್ರಭಾವವನ್ನೂ ಕುಗ್ಗಿಸುತ್ತವೆ. ಒಂದು ದಿನದ ಜಗಳಕ್ಕಿಂತ ನಿತ್ಯದ ಬಿಗುವು ಹೆಚ್ಚು ಚಿಂತಿಸಬೇಕಾದ ವಿಷಯ, ಏಕೆಂದರೆ ಅದು ನಿದ್ರೆಯನ್ನೂ ಊಟದ ಹೊತ್ತನ್ನೂ ಮಾತ್ರೆಯ ಶಿಸ್ತನ್ನೂ ಒಟ್ಟಿಗೇ ಕೆಡಿಸುತ್ತದೆ.

ಮನೆಯ ಮಾತು ಚರ್ಮದ ಗಾಯವನ್ನೂ ಮುಟ್ಟುತ್ತದೆ ಎಂಬುದನ್ನು ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಜಾನಿಸ್ ಕೀಕೋಲ್ಟ್-ಗ್ಲೇಸರ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಅವರು 42 ದಂಪತಿಗಳ ತೋಳಿನ ಮೇಲೆ ಪುಟ್ಟ ಬೊಕ್ಕೆಯಂತಹ ಗಾಯ ಮಾಡಿ, ಒಮ್ಮೆ ಪರಸ್ಪರ ಬೆಂಬಲದ ಮಾತುಕತೆಯ ನಂತರ, ಇನ್ನೊಮ್ಮೆ ಭಿನ್ನಾಭಿಪ್ರಾಯದ ವಿಷಯ ಚರ್ಚಿಸಿದ ನಂತರ ಅದು ಎಷ್ಟು ಬೇಗ ಮಾಯುತ್ತದೆ ಎಂದು ಗಮನಿಸಿದರು. ಭಿನ್ನಾಭಿಪ್ರಾಯದ ಚರ್ಚೆಯ ನಂತರ ಗಾಯ ನಿಧಾನವಾಗಿ ಮಾಯಿತು. ಮಾತಿನಲ್ಲಿ ಹಗೆತನ ಹೆಚ್ಚಿದ್ದ ದಂಪತಿಗಳಲ್ಲಂತೂ ಮಾಯುವ ವೇಗ ಉಳಿದವರ ಶೇ 60ರಷ್ಟು ಮಾತ್ರ ಇತ್ತು.

ಇನ್ನೊಂದು ಹಳೆಯ ಅಧ್ಯಯನ ನಿಮ್ಮ ಮನೆಯ ಪ್ರಶ್ನೆಗೆ ಇನ್ನೂ ಹತ್ತಿರದ್ದೆಂದು ನನಗೆ ಅನಿಸುತ್ತದೆ. ಬ್ರಿಟನ್ನಿನ ಸಮಾಜವಿಜ್ಞಾನಿ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು 1972ರಲ್ಲಿ, ಆಸ್ಪತ್ರೆಯಿಂದ ಮನೆಗೆ ಮರಳಿದ ಸ್ಕಿಜೋಫ್ರೀನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆಯ ರೋಗಿಗಳ ಕುಟುಂಬಗಳನ್ನು ಅಭ್ಯಸಿಸಿದ್ದರು. ಮನೆಯವರಲ್ಲಿ ಟೀಕೆ, ಹಗೆತನ ಅಥವಾ ಅತಿಯಾದ ಭಾವುಕ ಹಸ್ತಕ್ಷೇಪ ಹೆಚ್ಚಿದ್ದ ಕಡೆ ಒಂಬತ್ತು ತಿಂಗಳಲ್ಲಿ ಶೇ 58ರಷ್ಟು ರೋಗಿಗಳಲ್ಲಿ ಕಾಯಿಲೆ ಮರುಕಳಿಸಿತು. ಅವು ಕಡಿಮೆಯಿದ್ದ ಮನೆಗಳಲ್ಲಿ ಈ ಪ್ರಮಾಣ ಶೇ 16 ಮಾತ್ರ. ಕುಟುಂಬದಿಂದಲೇ ಕಾಯಿಲೆ ಬಂತು ಎಂದು ಇದರ ಅರ್ಥವಲ್ಲ, ಹಾಗೆ ಹೇಳಿ ಎಷ್ಟೋ ತಾಯಂದಿರನ್ನು ಹಿಂದೆ ಅನ್ಯಾಯವಾಗಿ ನೋಯಿಸಲಾಗಿದೆ. ಇಲ್ಲಿ ಗಮನಿಸಬೇಕಾದದ್ದು ಆ ಪಟ್ಟಿಯ ಮೂರನೆಯ ಅಂಶ. ಹಗೆತನದಂತೆಯೇ, ಒಂದು ಕ್ಷಣವೂ ಬಿಡದೆ ಕಾಯುವ ಅಕ್ಕರೆಯೂ ರೋಗಿಗೆ ಭಾರವಾಗುತ್ತದೆ. ನಿಮ್ಮ ತಾಯಿಯವರ ಕಾಳಜಿ ಈಗ ಕಾವಲಿನ ರೂಪ ಪಡೆದಿದೆ ಎಂದು ನೀವು ಬರೆದದ್ದನ್ನು ಓದಿದಾಗ ಅನಿಸಿತು. ಒಬ್ಬರು ಪಟ್ಟು ಹಿಡಿದು ಕೇಳಿದಷ್ಟೂ ಇನ್ನೊಬ್ಬರು ಹಿಂದೆ ಸರಿಯುತ್ತಾರೆ, ಅವರು ಸರಿದಷ್ಟೂ ಇವರ ಭಯ ಹೆಚ್ಚುತ್ತದೆ. ಇದರಲ್ಲಿ ಯಾರೊಬ್ಬರನ್ನೂ ತಪ್ಪಿತಸ್ಥರೆಂದು ಬೆರಳು ತೋರಿಸಿ ಪ್ರಯೋಜನವಿಲ್ಲ.

ಎರಡನೆಯ ಉತ್ತರ

ನಾನೇ ಮಧುಮೇಹಿಯಾಗಿರುವುದರಿಂದ ನಿಮ್ಮ ತಂದೆಯವರ ಕಡೆಯಿಂದ ಎರಡು ಮಾತು ಹೇಳಬಯಸುತ್ತೇನೆ. ಅಂಕಿಯನ್ನು ಬಚ್ಚಿಡುವವರು ಕಾಯಿಲೆಯನ್ನು ಹಗುರವಾಗಿ ತೆಗೆದುಕೊಂಡಿದ್ದಾರೆ ಎಂದು ಮನೆಯವರು ಭಾವಿಸುತ್ತಾರೆ. ನಿಜಕ್ಕೂ ಬಹಳಷ್ಟು ಸಲ ಆ ಅಂಕಿಯನ್ನು ಕಂಡು ಎಲ್ಲರಿಗಿಂತ ಮೊದಲು ಎದೆಗುಂದಿದವರು ಅವರೇ ಆಗಿರುತ್ತಾರೆ. 212 ಎಂದು ಕಂಡ ತಕ್ಷಣ "ನಿನ್ನೆ ಏನು ತಿಂದಿದ್ರಿ?" ಎಂಬ ಪ್ರಶ್ನೆ ಬರುತ್ತದೆ ಎಂದು ಗೊತ್ತಿದ್ದರೆ, ಆ ಅಂಕಿ ಚಿಕಿತ್ಸೆಗೆ ಬೇಕಾದ ಮಾಹಿತಿಯಾಗಿ ಉಳಿಯುವುದಿಲ್ಲ, ನಡತೆಯ ಮೇಲಿನ ತೀರ್ಪಾಗಿಬಿಡುತ್ತದೆ. ಜ್ವರ, ಸೋಂಕು, ನಿದ್ರೆಗೆಟ್ಟ ರಾತ್ರಿ, ಕೆಲವು ಔಷಧಗಳು ಇವೆಲ್ಲವೂ ಸಕ್ಕರೆ ಅಂಶವನ್ನು ಏರಿಸಬಲ್ಲವು, ಬಾಯಿಚಪಲವೊಂದೇ ಕಾರಣವಲ್ಲ.

ನಮ್ಮ ಮನೆಯಲ್ಲಿ ಮಾತು ತಿಳಿಯಾದದ್ದು ಮಗಳು ಕೇಳಿದ ಒಂದು ಪ್ರಶ್ನೆಯಿಂದ: "ಅಪ್ಪ, ನಾವು ಯಾವುದನ್ನು ಕೇಳಿದ್ರೆ ನಿಮಗೆ ಸಹಾಯ ಆಗುತ್ತೆ, ಯಾವುದನ್ನು ಕೇಳಬಾರದು?" ರಾತ್ರಿಯ ಮಾತ್ರೆಯನ್ನು ಮಾತ್ರ ನೆನಪಿಸಿ, ತಟ್ಟೆಯ ಕಡೆ ನೋಡಬೇಡಿ ಎಂದು ನಾನು ಹೇಳಿದೆ. ಇಂದಿಗೂ ಅದು ಹಾಗೆಯೇ ನಡೆಯುತ್ತಿದೆ. ಮನೆಯವರೂ ನನ್ನ ಜೊತೆಗೇ ವಾಕಿಂಗ್‌ಗೆ ಬರುತ್ತಾರೆ, ಆ ಹೊತ್ತಿನಲ್ಲಿ ಸಕ್ಕರೆಯ ಸುದ್ದಿ ಎತ್ತುವುದಿಲ್ಲ. ಕಾಯಿಲೆಗೆ ಸಂಬಂಧಿಸದ ಮಾತುಗಳು ಮನೆಗೆ ಮರಳಿ ಬಂದದ್ದು ನನಗೆ ಎಷ್ಟು ನೆಮ್ಮದಿ ಕೊಟ್ಟಿತು ಎಂಬುದನ್ನು ಹೇಳಲಾರೆ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಇಬ್ಬರಿಗೂ ಧನ್ಯವಾದಗಳು. ಅಮ್ಮನಿಗೆ ಎರಡನೆಯ ಉತ್ತರವನ್ನು ಓದಿ ಹೇಳಿದೆ. "ಹಾಗಾದ್ರೆ ನಾನು ಏನೂ ಕೇಳದೆ, ನಾಳೆ ಅವರು ತಲೆ ಸುತ್ತಿ ಬಿದ್ರೆ?" ಎಂದರು. ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ.

ಮೂರನೆಯ ಉತ್ತರ

ನಿಮ್ಮ ತಾಯಿಯವರ ಪ್ರಶ್ನೆ ಸರಿಯಾಗಿಯೇ ಇದೆ. ನಿತ್ಯದ ವಿಚಾರಣೆಯನ್ನು ಕಡಿಮೆ ಮಾಡಬಹುದು, ಆದರೆ ಅಪಾಯದ ಸೂಚನೆಗಳ ವಿಷಯದಲ್ಲಿ ಮೌನ ಸಲ್ಲದು. ಎಲ್ಲರೂ ಸಮಾಧಾನವಾಗಿರುವ ಹೊತ್ತಿನಲ್ಲಿ ಕುಳಿತು, ತಂದೆಯವರ ಒಪ್ಪಿಗೆಯಿಂದಲೇ, ಯಾವಾಗ ಕೇಳದೆಯೂ ಮುಂದೆ ಬರಬೇಕು ಎಂಬುದನ್ನು ತೀರ್ಮಾನಿಸಿಕೊಳ್ಳಿ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವವರಲ್ಲಿ ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದು ಬೆವರು, ನಡುಕ, ತೊದಲು, ಗೊಂದಲ ಕಾಣಿಸಬಹುದು. ಆಗ ಎಚ್ಚರವಿರುವವರಿಗೆ ಸುಮಾರು 15 ಗ್ರಾಂ ಸಕ್ಕರೆ ಅಥವಾ ಗ್ಲುಕೋಸ್ ಕೊಟ್ಟು, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ತಕ್ಷಣ ಆಸ್ಪತ್ರೆಯ ನೆರವು ಪಡೆಯಬೇಕು. ಇದನ್ನು ಕಲಿತರೆ ತಾಯಿಯವರಿಗೂ ಧೈರ್ಯ ಬರುತ್ತದೆ, ಏಕೆಂದರೆ ಏನು ಮಾಡಬೇಕೆಂದು ತಿಳಿಯದ ಭಯವೇ ದಿನವಿಡೀ ಪ್ರಶ್ನೆಗಳಾಗಿ ಹೊರಬರುತ್ತದೆ.

ಮುಂದಿನ ಸಲ ವೈದ್ಯರ ಬಳಿಗೆ ಇಬ್ಬರೂ ಒಟ್ಟಿಗೆ ಹೋಗಲಿ. ಮೊದಲು ತಂದೆಯವರೇ ಮಾತನಾಡಲಿ, ಅವರು ಮುಗಿಸಿದ ಮೇಲೆ ತಾಯಿಯವರು ತಮ್ಮ ಸಂದೇಹಗಳನ್ನು ಕೇಳಲಿ. ಪುಸ್ತಕದ ಬದಲು ಗ್ಲುಕೋಮೀಟರನ್ನೇ ಕೊಂಡೊಯ್ಯುವಂತೆ ತಂದೆಯವರನ್ನು ಒಪ್ಪಿಸಲು ನೋಡಿ. ಅದರಲ್ಲಿರುವ ಅಂಕಿಗಳನ್ನು ಮನೆಯಲ್ಲಿ ಯಾರೂ ಗಟ್ಟಿಯಾಗಿ ಓದುವುದಿಲ್ಲ ಎಂದು ಮುಂಚಿತವಾಗಿಯೇ ಅವರಿಗೆ ಮಾತು ಕೊಡಿ.